ಅವ್ವನ ಗಿಡಕ್ಕೆ ಕಟ್ಟಿದ ನಂಬರು

ಗುಂಡಿ ತೋಡಿಸಬೇಕೆಂದು ಕಂಪನಿಯವರು ಹೇಳಿದ ಕೂಡಲೇ ಮುನಿರಾಜ ನೆಟ್ಟಗೆ ನಮ್ಮ ಕೇರಿಗೆ ಬಂದ. ಊರಲ್ಲಿ ಬೇರೆ ಯಾರನ್ನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಊರಲ್ಲಿ ಯಾರು ಸತ್ತರೂ ಗುಂಡಿ ತೋಡುವವನು ನಮ್ಮಪ್ಪ ಮುನಿಶಾಮಪ್ಪ. ಅವನಿಗಿಂತ ಮುಂಚೆ ನಮ್ಮ ತಾತ. ಹೆಣಕ್ಕಾದರೇನು, ಗಿಡಕ್ಕಾದರೇನು, ಗುಂಡಿ ಅಂದರೆ ನಮ್ಮ ಕೇರಿ.

ಮುನಿರಾಜ ಬೈಕಿನಿಂದ ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೆ ಊರಿಕೊಂಡು ಕೂಗಿದ.

"ಲೇ ಮುನಿಶಾಮಿ, ಗುಡ್ಡೆ ಮೇಲೆ ಕೆಲ್ಸ ಐತೆ. ಕೇರೀಲಿ ಕೈಕಾಲು ಗಟ್ಟಿ ಇರೋರ್ನೆಲ್ಲ ಕರ್ಕೊಂಡು ಬಾ. ಹೆಂಗಸ್ರಾದ್ರೂ ಪರವಾಗಿಲ್ಲ. ನಿಮ್ಮ ಜನದ ಕೈಲಿ ಗುಂಡಿ ಚೆನ್ನಾಗಿ ಬರ್ತದೆ."

ಅಪ್ಪನಿಗೆ ಎಪ್ಪತ್ತು ದಾಟಿತ್ತು. ಮುನಿರಾಜನಿಗೆ ಹೆಚ್ಚುಕಡಿಮೆ ನನ್ನ ವಯಸ್ಸು, ನಲವತ್ತೋ ಏನೋ. ಅಪ್ಪ ಎದ್ದು ನಿಂತ. ಹೆಗಲ ಮೇಲಿದ್ದ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಆಗ್ಲಿ ಬುದ್ಧಿ" ಅಂದ. ನನಗೆ ಮೈಯೆಲ್ಲ ಉರಿಯಿತು. ಆದರೂ ಮಾರನೆಯ ಬೆಳಿಗ್ಗೆ ನಾನೂ ಹಾರೆ ಹಿಡಿದು ಅಪ್ಪನ ಹಿಂದೆ ಹೋದೆ. ಗಂಡ ಸತ್ತ ಮೇಲೆ ಹೊಸಕೋಟೆ ಕಡೆಯಿಂದ ತವರಿಗೆ ಬಂದು ಕೂತಿದ್ದವಳು ನಾನು. ಕೂಲಿ ಬೇಡ ಅನ್ನುವ ಪೊಗರು ನನಗೆಲ್ಲಿಂದ ಬರಬೇಕು?

ಕೆಲಸ ಏನೆಂದು ಹೇಳುತ್ತೇನೆ. ದೇವನಹಳ್ಳಿ ಕಡೆ ಒಂದು ಕಂಪನಿ ದೊಡ್ಡ ದೊಡ್ಡ ಗೋಡೌನು ಕಟ್ಟಿತು. ಕಟ್ಟುವ ಮುಂಚೆ ಅಲ್ಲಿ ಕುರುಚಲು ಕಾಡಿತ್ತು. ತಂಗಡಿ, ಬಂದರೆ, ಕಾರೆ, ಕವಳೆ ಗಿಡಗಳು. ಮೊಲ ಇತ್ತು, ಗೌಜಲಹಕ್ಕಿ ಇತ್ತು. ಜೆಸಿಬಿ ಬಿಟ್ಟು ಬೋಳಿಸಿಬಿಟ್ಟರು. ಹಾಗೆ ಬೋಳಿಸಿದ್ದಕ್ಕೆ ಬದಲಾಗಿ ಅಷ್ಟೇ ಕುರುಚಲನ್ನು ಬೇರೆ ಕಡೆ ಬೆಳೆಸಿಕೊಡಬೇಕು ಅಂತ ಕಂಪನಿಗೆ ಷರತ್ತು ಇತ್ತಂತೆ. ಒಳ್ಳೆಯ ಷರತ್ತೇ. ಯಾರು ಬೇಡ ಅಂದರು? ಆದರೆ ಬೇರೆ ಕಡೆ ಅಂದರೆ ಎಲ್ಲಿ? ಕಂಪನಿ ಸಾಹೇಬರ ಬಂಗಲೆಯ ಮುಂದೆ ಬೆಳೆಸಲಿಲ್ಲ. ಊರಿನ ದೊಡ್ಡ ಮನುಷ್ಯ ವೆಂಕಟರಾಯಪ್ಪನ ದ್ರಾಕ್ಷಿ ತೋಟದಲ್ಲಿ ಬೆಳೆಸಲಿಲ್ಲ. ತೂಬಗೆರೆ ಹೋಬಳಿಯನ್ನೆಲ್ಲ ಸುತ್ತಿ ಕೊನೆಗೆ ನಮ್ಮೂರ ಗೋಮಾಳದ ಗುಡ್ಡೆಯನ್ನು ಹಿಡಿದರು. ತೋರಿಸಿದವನು ಅದೇ ವೆಂಕಟರಾಯಪ್ಪ. ಬೇಲಿ ಹಾಕಿಸುವ, ಗುಂಡಿ ತೋಡಿಸುವ ಕಂಟ್ರಾಕ್ಟು ಅವನ ಮಗ ಮುನಿರಾಜನಿಗೆ ಸಿಕ್ಕಿತು. ಗುಡ್ಡೆ ತೋರಿಸಿ ಬಂದ ಮೇಲೆ ಮುದುಕ ಲಕ್ವ ಹೊಡೆದು ಹಾಸಿಗೆ ಹಿಡಿದ. ಕಂಟ್ರಾಕ್ಟು ಮಾತ್ರ ಎದ್ದು ಓಡಾಡುತ್ತಿತ್ತು.

ಆ ಗುಡ್ಡೆಯಲ್ಲಿ ನಮ್ಮ ಕೇರಿಯ ಸತ್ತವರೆಲ್ಲ ಇದ್ದಾರೆ.

ಊರವರು ತಮ್ಮ ಸತ್ತವರನ್ನು ತಮ್ಮ ತಮ್ಮ ಹೊಲದಲ್ಲಿ ಮಣ್ಣು ಮಾಡುತ್ತಾರೆ. ಮೇಲೆ ಕಟ್ಟೆ ಕಟ್ಟುತ್ತಾರೆ, ಟೈಲ್ಸು ಹಾಕಿಸುತ್ತಾರೆ, ಫೋಟೊ ಕೆತ್ತಿಸುತ್ತಾರೆ. ಹೊಲ ಇಲ್ಲದ ನಾವು ಗುಡ್ಡೆಗೆ ಹೋಗುತ್ತೇವೆ. ಅಲ್ಲೂ ಕಲ್ಲು ನೆಡುವ ಹಾಗಿರಲಿಲ್ಲ. ಕಲ್ಲು ನೆಟ್ಟರೆ ನಾಳೆ ಜಾಗ ನಮ್ಮದು ಅನ್ನುತ್ತಾರೆ ಎಂದು ವೆಂಕಟರಾಯಪ್ಪನ ಅಪ್ಪನ ಕಾಲದಿಂದ ಕಟ್ಟು ಮಾಡಿದ್ದರು. ಗುರುತು ಇಲ್ಲದೆ ಬಿಡುವುದು ಹೇಗೆ? ಹಾಗಾಗಿ ಕೇರಿಯವರು ತಲೆಯ ದಿಕ್ಕಿಗೆ ಒಂದು ತಂಗಡಿ ಗಿಡ ನೆಡುವ ಪದ್ಧತಿ ಮಾಡಿಕೊಂಡರು. ಮಣ್ಣು ಮಾಡಿದ ಮೂರನೆಯ ದಿನ ಹಾಲುತುಪ್ಪ ಬಿಟ್ಟು ಗಿಡ ನೆಡುವುದು. ಮಳೆ ಬರುವವರೆಗೆ ಮನೆಯವರು ಬಿಂದಿಗೆಯಲ್ಲಿ ನೀರು ಹೊತ್ತು ಹಾಕುವುದು. ಗಿಡ ಹಿಡಿದು ಹಳದಿ ಹೂ ಬಿಟ್ಟರೆ ಸತ್ತವರು ಸಮಾಧಾನವಾಗಿದ್ದಾರೆ ಅಂತ ಲೆಕ್ಕ. ಒಣಗಿದರೆ ಮತ್ತೆ ನೆಡುವುದು. ಹೀಗೆ ಗುಡ್ಡೆಯ ಒಂದು ಮಗ್ಗುಲು ತಂಗಡಿಯಿಂದ ತುಂಬಿಹೋಯಿತು. ಸಂಕ್ರಾಂತಿ ಹೊತ್ತಿಗೆ ದೂರದ ರಸ್ತೆಗೂ ಹಳದಿ ಕಾಣುತ್ತದೆ. ಯಾವ ಗಿಡ ಯಾರದು ಎಂದು ನಮಗೆ ಗೊತ್ತು. ಬೇರೆಯವರಿಗೆ ಅದು ಬರೀ ಗಿಡ.

ನಮ್ಮವ್ವ ಮುನಿಗಂಗಮ್ಮ ಸತ್ತಾಗ ಅಪ್ಪ ಒಂದು ಸಲ ಆ ಕಟ್ಟು ಮುರಿದ. ಆಗ ಅವನು ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ಒಂದು ಸಣ್ಣ ಚಪ್ಪಡಿ ಹೊತ್ತು ತಂದು, ಅದರ ಮೇಲೆ ಉಳಿಯಿಂದ 'ಗಂಗಿ' ಎಂದು ಕೆತ್ತಿಸಿ ತಲೆಯ ಹತ್ತಿರ ನೆಟ್ಟ. ಮರುದಿನವೇ ವೆಂಕಟರಾಯಪ್ಪ ಆಳುಗಳನ್ನು ಕಳಿಸಿ ಕೀಳಿಸಿದ. ಕಿತ್ತ ಕಲ್ಲನ್ನು ಅಪ್ಪನ ತಲೆಯ ಮೇಲೇ ಹೊರಿಸಿ ಮನೆಗೆ ಕಳಿಸಿದ. ಹೊತ್ತು ತಂದ ಅಪ್ಪ ಅದನ್ನು ಹಿತ್ತಲಲ್ಲಿ ಹಾಕಿದ. ಅದು ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲಾಯಿತು. ಅವ್ವನ ಹೆಸರಿನ ಮೇಲೆ ನಾನು ವರ್ಷಗಟ್ಟಲೆ ಬಟ್ಟೆ ಕುಕ್ಕಿದ್ದೇನೆ. ಅಕ್ಷರ ಸವೆದುಹೋಗಿದೆ. ಗುಡ್ಡೆಯ ಮೇಲೆ ಅವ್ವನಿಗೂ ತಂಗಡಿಯೇ ಗತಿಯಾಯಿತು.

ಮೊದಲು ಬೇಲಿ ಹಾಕಿಸಿದರು. ಹತ್ತಿರದ ಕ್ವಾರಿಯಿಂದ ಕಲ್ಲುಕಂಬ ಬಂದವು, ಒಂದೊಂದೂ ಆಳುದ್ದ. ಕಂಬದ ಗುಂಡಿ ತೋಡಿದವರು ನಾವೇ, ಹೊತ್ತು ನಿಲ್ಲಿಸಿದವರು ನಾವೇ, ಮುಳ್ಳುತಂತಿ ಎಳೆದು ಅಂಗೈ ಹರಿದುಕೊಂಡವರೂ ನಾವೇ. ಬುಡಕ್ಕೆ ಕಾಂಕ್ರೀಟು ಹಾಕಬೇಕಿತ್ತು. ಮುನಿರಾಜ ಬರೀ ಮಣ್ಣು ತುಂಬಿಸಿ ತುಳಿಸಿದ. ಸಿಮೆಂಟು ಅವನ ಹೊಸ ಮನೆಯ ಕಾಂಪೌಂಡಿಗೆ ಹೋಯಿತು. ನಮಗೇನಂತೆ, ನಾವು ತುಳಿದೆವು.

ಬೇಲಿ ಏಳುವಾಗ ಕೇರಿಯ ಹಿರಿಯ ಬೈರಣ್ಣ ಕೈ ಮುಗಿದು ಕೇಳಿದ. "ಅಣ್ಣಾ, ನಮ್ಮೋರು ಯಾರಾದ್ರೂ ಸತ್ರೆ ಹೆಂಗೆ?"

"ಸತ್ತಾಗ ಹೇಳ್ರಪ್ಪ, ಗೇಟು ತೆಗೆಸ್ತೀನಿ. ಹೆಣ ತಡೆಯೋಕೆ ನಾನೇನು ಯಮನಾ?" ಅಂದ ಮುನಿರಾಜ. ಅವನ ಜೊತೆ ಬಂದವರು ನಕ್ಕರು. ಬೈರಣ್ಣನೂ ನಕ್ಕ. ನಾವು ಆ ಮಾತನ್ನು ನಂಬಿದೆವು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ರೈತರು ನಮ್ಮ ಭೂಮಿ ಬಿಡೆವು ಅಂತ ವರ್ಷಗಟ್ಟಲೆ ಧರಣಿ ಕೂತರು. ಅವರ ಕೈಯಲ್ಲಿ ಪಹಣಿ ಇತ್ತು. ನಾವು ಯಾವ ಕಾಗದ ಹಿಡಿದು ಕೂರಬೇಕಿತ್ತು? ನಮ್ಮ ಹತ್ತಿರ ಇದ್ದದ್ದು ಹೆಣ ಮತ್ತು ಗಿಡ.

ಗೇಟಿಗೆ ಬೀಗ ಬಿತ್ತು. ಪಕ್ಕದಲ್ಲಿ ಹಸಿರು ಬೋರ್ಡು ಬಂತು. 'ಸ್ಥಳೀಯ ಕುರುಚಲು ಸಸ್ಯ ಪುನರುಜ್ಜೀವನ ವಲಯ. ಪ್ರವೇಶವಿಲ್ಲ. ಮೇಕೆ ಮೇಯಿಸಬಾರದು. ಸೌದೆ ಕಡಿಯಬಾರದು.' ಕಾಯಲು ನನ್ನ ತಮ್ಮ ಚಲಪತಿಯನ್ನೇ ವಾಚ್‌ಮನ್ ಮಾಡಿದರು. ನೀಲಿ ಅಂಗಿ, ಟೋಪಿ, ಕುತ್ತಿಗೆಗೆ ವಿಷಲ್ಲು. ಅವನಿಗೆ ಅದೇ ಮೊದಲ ತಿಂಗಳ ಸಂಬಳದ ಕೆಲಸ. ನಮ್ಮ ಸತ್ತವರನ್ನು ಕಾಯಲು ನಮ್ಮವನನ್ನೇ ಇಟ್ಟರು, ನಮ್ಮಿಂದಲೇ ಕಾಯಲು.

ಒಳಗೆ ಕೆಲಸ ಶುರುವಾಯಿತು. ತಂಗಡಿ ಇರುವ ಕಡೆ ಸಂದು ಸಂದಿನಲ್ಲಿ, ಇಲ್ಲದ ಕಡೆ ಸಾಲಾಗಿ ಗುಂಡಿ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಗೆರೆಯ ಮೇಲೆ ಚುಕ್ಕಿ, ಚುಕ್ಕಿಗೊಂದು ಗುಂಡಿ. ನೆಲ ಗಟ್ಟಿ ಕೆಂಪು ನೆಲ, ಒಳಗೆಲ್ಲ ನೊರಜುಗಲ್ಲು. ಹಾರೆ ಹಾಕಿದರೆ ಹಿಂದಕ್ಕೆ ಚಿಮ್ಮುತ್ತದೆ. ಮೊಣಕೈಯಿಂದ ಹೆಗಲಿನ ತನಕ ನಡುಕ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆರಳು ಮಡಿಸಿದರೆ ಬಿಚ್ಚುತ್ತಿರಲಿಲ್ಲ. ಮುದ್ದೆ ಮುರಿಯಲು ಎಡಗೈಯಿಂದ ಬಲಗೈ ಬೆರಳು ಬಿಡಿಸಿಕೊಳ್ಳಬೇಕಿತ್ತು. ಹೆಂಗಸರಿಗೆ ಹೊರಗಾದ ದಿನವೂ ರಜೆ ಇಲ್ಲ. ಅತ್ತಿತ್ತ ಹೋಗಲು ಮರೆ ಇಲ್ಲ, ಮರೆಯಾಗುವ ಗಿಡದ ಹತ್ತಿರ ಹೋದರೆ ವಿಷಲ್ಲು. ಕುಡಿಯುವ ನೀರಿನ ಕ್ಯಾನು ಮುನಿರಾಜನ ಟಾಟಾ ಏಸ್‌ನಲ್ಲಿ ಇರುತ್ತಿತ್ತು. ಅದನ್ನು ನಾವು ಮುಟ್ಟುವ ಹಾಗಿಲ್ಲ. ಡ್ರೈವರ್ ಮೇಲಿಂದ ಸುರಿಯುತ್ತಾನೆ, ನಾವು ಕೆಳಗೆ ಬೊಗಸೆ ಹಿಡಿಯಬೇಕು. ಹೀಗೆ ಯಾಕೆ ಅಂತ ಕೇಳಿದರೆ, "ಕೈಯೆಲ್ಲ ಮಣ್ಣು ಕಣಮ್ಮ ನಿಮ್ದು, ಅದಕ್ಕೆ" ಅನ್ನುತ್ತಿದ್ದ. ನಮ್ಮ ಕೈ ತೊಳೆದಿದ್ದಾಗಲೂ ಅವನು ಮೇಲಿಂದಲೇ ಸುರಿದ.

ಒಂದು ದಿನ ನನ್ನ ಹಾರೆ ಸರ್ರನೆ ಇಳಿಯಿತು. ಬೆಣ್ಣೆಗೆ ಇಳಿದಂತೆ ಇಳಿಯಿತು. ನಾನು ಕೈ ತೆಗೆದೆ. ಆ ಗುಡ್ಡೆಯಲ್ಲಿ ಮೆತ್ತಗಿನ ನೆಲ ಅಂದರೆ ಅಲ್ಲಿ ಯಾರೋ ಮಲಗಿದ್ದಾರೆ ಅಂತ ಅರ್ಥ. ಹೋದ ವರ್ಷ ಬೈರಣ್ಣನ ಸೊಸೆಯ ಕೂಸು ಹುಟ್ಟಿ ಸತ್ತಿತ್ತು. ಹಸುಗೂಸಿಗೆ ನಾವು ಗಿಡ ನೆಡುವುದಿಲ್ಲ. ಆ ಸೊಸೆ ನನ್ನ ಪಕ್ಕದ ಸಾಲಿನಲ್ಲೇ ಬಾಂಡ್ಲಿ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿ ನನಗೆ ಗೊತ್ತಾಯಿತು.

ನಾನು ಮಣ್ಣು ಮುಚ್ಚಿ ಮುಂದಕ್ಕೆ ಸರಿದೆ. ಮುನಿರಾಜ ನೋಡಿದ.

"ಯಾಕೆ ಬಿಟ್ಟೆ?"

"ಅಲ್ಲಿ ಬೇಡಣ್ಣ. ಮಗು ಐತೆ."

"ಏನು ಮಗು? ಗೆರೆ ಬಿಟ್ಟು ಆಚೆ ಈಚೆ ಹೋಗಂಗಿಲ್ಲ, ಮೇಡಂ ಫೋಟೊ ತೆಗೀತಾರೆ. ಮೆತ್ತಗೈತಲ್ಲ, ಬೇಗ ಆಗ್ತದೆ, ತೋಡು."

"ನಾನು ತೋಡಲ್ಲ."

"ತೋಡಲ್ವಾ? ಹಂಗಾದ್ರೆ ಮನೇಗ್ ನಡಿ."

ನಾನು ಮನೆಗೆ ಹೋದೆ. ಆ ಗುಂಡಿಯನ್ನು ಅವನು ಗೋಡೌನು ಕೆಲಸಕ್ಕೆ ಬಂದಿದ್ದ ಬಿಹಾರದ ಹುಡುಗರನ್ನು ಕರೆಸಿ ತೋಡಿಸಿದ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಬೈರಣ್ಣನ ಸೊಸೆ ಸಂಜೆಯವರೆಗೂ ಮಣ್ಣು ಹೊತ್ತಳಂತೆ. ಎತ್ತಿದ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಮ್ಮ ಮನೆಯ ಮುಂದೆ ಕೂತು ಅತ್ತಳು. ನನಗೆ ಅಳು ಬರಲಿಲ್ಲ. ಕಲ್ಲು ತೆಗೆದುಕೊಂಡು ಹೋಗಿ ಮುನಿರಾಜನ ಬೈಕಿನ ಗಾಜು ಒಡೆಯಬೇಕು ಅನ್ನಿಸಿತು. ಒಡೆಯಲಿಲ್ಲ. ಮಾರನೆಯ ದಿನ ಅಪ್ಪ ಹೋಗಿ ನನ್ನ ಪರವಾಗಿ ಕೈ ಮುಗಿದ. ಮತ್ತೆ ಕೆಲಸಕ್ಕೆ ಹೋದೆ.

ಮೇಡಂ ಅಂದರೆ ಕೀರ್ತನ. ಬೆಂಗಳೂರಿನಿಂದ ಬರುತ್ತಿದ್ದ ಕಂಪನಿಯ ಹುಡುಗಿ. ಒಳ್ಳೆಯ ಮಾತು, ಎಲ್ಲರಿಗೂ ಅಕ್ಕ, ತಾತ. ತನ್ನ ಬಾಟಲಿಯ ನೀರನ್ನು ನಮಗೆ ಕೊಟ್ಟವಳು ಅವಳೊಬ್ಬಳೇ. ಒಂದು ದಿನ ಚೀಲದ ತುಂಬ ಅಲ್ಯೂಮಿನಿಯಂ ಬಿಲ್ಲೆ ತಂದಳು. ಒಂದೊಂದಕ್ಕೂ ನಂಬರು. ಹೊಸ ಸಸಿಗೆ ಕಟ್ಟುತ್ತಾಳೆ ಅಂದುಕೊಂಡೆ. ಇಲ್ಲ. ಬೆಳೆದು ನಿಂತ ತಂಗಡಿಗೆ ಕಟ್ಟಲು ಶುರು ಮಾಡಿದಳು. ನಮ್ಮ ತಾತನಿಗೆ ಕಟ್ಟಿದಳು. ಬೈರಣ್ಣನ ಹೆಂಡತಿಗೆ ಕಟ್ಟಿದಳು. ಅವ್ವನ ಕೊಂಬೆಗೆ ತಂತಿ ಸುತ್ತುವಾಗ ನಾನು ಹತ್ತಿರ ಹೋದೆ.

"ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ ಅಕ್ಕ ಇದು?" ಅಂದಳು.

"ಅದು ನಮ್ಮವ್ವ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಎಲ್ಲ ಹೇಳಿದೆ. ಒಂದೊಂದು ಗಿಡ ಯಾರದೆಂದು ಬೊಟ್ಟು ಮಾಡಿ ತೋರಿಸಿದೆ. ಅವಳ ಮುಖ ಸಪ್ಪಗಾಯಿತು. ಫೋನಿನಲ್ಲಿ ಮ್ಯಾಪು ತೆಗೆದು ನೋಡಿದಳು.

"ಇಲ್ಲಿ ಸ್ಮಶಾನ ಅಂತ ತೋರ್ಸ್ತಾನೇ ಇಲ್ಲ ಅಕ್ಕ. ಕಲ್ಲು ಏನಾದ್ರೂ ಇದ್ಯಾ? ಸಮಾಧಿ, ಕಟ್ಟೆ, ಏನಾದ್ರೂ ಗುರುತು? ಇದ್ರೆ ಹೇಳಿ, ನಾನು ಮೇಲಿನೋರ ಹತ್ರ ಮಾತಾಡ್ತೀನಿ."

"ಈ ಗಿಡಗಳೇ ಗುರುತು."

"ಗಿಡ ಗುರುತು ಅಂತ ಯಾರೂ ಒಪ್ಪಲ್ಲ ಅಕ್ಕ." ಆಮೇಲೆ ತಲೆ ಬಗ್ಗಿಸಿಕೊಂಡು, "ಈ ಗಿಡಗಳನ್ನೂ ಸೇರ್ಸಿ ನಾವು ಬೆಳೆಸಿದ್ದು ಅಂತ ರಿಪೋರ್ಟ್ ಹೋಗಿದೆ. ಹೊಸ ಸಸಿ ಇಷ್ಟು ದೊಡ್ಡದಾಗೋಕೆ ತುಂಬಾ ವರ್ಷ ಬೇಕಲ್ವಾ, ಅದಕ್ಕೇ ಈ ಜಾಗ ತಗೊಂಡಿದ್ದು" ಅಂದಳು.

ನನಗೆ ಆಗ ಪೂರ್ತಿ ಅರ್ಥವಾಯಿತು. ಗುಡ್ಡೆಯ ಬೋಳು ಮಗ್ಗುಲು ಬಿಟ್ಟು ಇದೇ ಮಗ್ಗುಲಿಗೆ ಬೇಲಿ ಯಾಕೆ ಬಂತು ಅನ್ನುವುದು. ಅಲ್ಲಿ ಕೊಂದ ಕಾಡಿಗೆ ಇಲ್ಲಿ ನಮ್ಮ ಹೆಣದ ಮೇಲಿನ ಗಿಡ ಲೆಕ್ಕಕ್ಕೆ ಹೋಗಿತ್ತು. ಅವ್ವನಿಗೆ ನಾನು ಹೊತ್ತು ಹಾಕಿದ ನೀರು ಕಂಪನಿಯ ಹೆಸರಿಗೆ ಹೋಗಿತ್ತು. ಕಲ್ಲು ನೆಟ್ಟಿದ್ದರೆ ಅದು ಸ್ಮಶಾನವಾಗುತ್ತಿತ್ತು. ನಾವು ಗಿಡ ನೆಟ್ಟೆವು, ಅದು ಅವರ ಕಾಡಾಯಿತು. ಹೆದರಿಕೊಂಡು ಬದುಕುವ ಜನ ಮಾತ್ರ ಮಾಡುವ ತಪ್ಪು ಅದು.

ಕೀರ್ತನ ನನ್ನ ಕೈ ಹಿಡಿದು, "ಸಾರಿ ಅಕ್ಕ" ಅಂದಳು. ಆಮೇಲೆ ಅವ್ವನ ಬಿಲ್ಲೆಯ ತಂತಿಯನ್ನು ಬಿಗಿದು, ಪಕ್ಕದ ಗಿಡಕ್ಕೂ ಒಂದು ಕಟ್ಟಿದಳು. ಅವಳ ಒಳ್ಳೆಯತನ ಅಷ್ಟೇ ಉದ್ದ ಇತ್ತು.

ಅವ್ವನ ಗಿಡದ ಬಿಲ್ಲೆಯನ್ನು ಅಪ್ಪ ಸಂಜೆ ನೋಡಿದ. ಗಾಳಿಗೆ ಅದು ಟಿಣ್ ಟಿಣ್ ಎಂದು ಅಲ್ಲಾಡುತ್ತಿತ್ತು. ಓದಲು ಬಾರದ ಅಪ್ಪ ಬೆರಳಿನಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿದ.

"ಏನವ್ವ ಇದು?"

"ನಂಬರು ಕಣಪ್ಪ."

"ಗಂಗೀಗೂ ನಂಬರು ಹಾಕ್ಬಿಟ್ರಾ," ಅಂದ. ಸ್ವಲ್ಪ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಕ್ವಾರಿಯ ದೂಳು ತುಂಬಿದ ಎದೆ ಅವನದು. ಏದುಸಿರು ಬಿಡುತ್ತಿದ್ದ. "ನಾನು ಸತ್ರೆ ಇವ್ಳ ಪಕ್ಕಾನೇ ಹಾಕ್ರವ್ವ. ಬೇರೆ ಏನೂ ಕೇಳಲ್ಲ ನಾನು."

ಆದರೆ ಅವನು ಕೇಳಿದ. ನಮ್ಮನ್ನಲ್ಲ, ಮುನಿರಾಜನನ್ನು. ಮಾರನೆಯ ದಿನ ಎಲ್ಲರ ಮುಂದೆ, ಹಾರೆ ಕೆಳಗಿಟ್ಟು, ಟವೆಲ್ಲು ಕಂಕುಳಿಗೆ ಇಟ್ಟುಕೊಂಡು ಕೇಳಿದ. "ಬುದ್ಧಿ, ನನ್ನೆಂಡ್ತಿ ಪಕ್ಕ ಒಂದು ಜಾಗ ಬಿಟ್ಬಿಡಿ. ಅಲ್ಲಿ ಗಿಡ ಹಾಕಿಸ್ಬೇಡಿ."

ಮುನಿರಾಜ ಫೋನು ನೋಡುತ್ತಲೇ ನಕ್ಕ. "ನಿಂಗಿನ್ನೂ ಟೈಮೈತೆ ಬಿಡೋ ಮುನಿಶಾಮಿ. ಗುಡ್ಡೆ ತುಂಬ ಗುಂಡಿ ಬಾಕಿ ಐತೆ, ಅದು ಮುಗಿಸ್ಬಿಟ್ಟು ಸಾಯಿ."

ಅಪ್ಪ ಹಾರೆ ಎತ್ತಿಕೊಂಡ. ಅವ್ವನ ಗಿಡದ ಪಕ್ಕದ ಚುಕ್ಕಿಯ ಮೇಲೆ ಅವನೇ ಗುಂಡಿ ತೋಡಿದ. ಈ ಮುನಿರಾಜನ ತಾಯಿ ಸತ್ತಾಗ ಅವರ ಹೊಲದಲ್ಲಿ ಗುಂಡಿ ತೋಡಿದ್ದೂ ನಮ್ಮಪ್ಪನೇ. ಸುರಿಯುವ ಮಳೆಯಲ್ಲಿ, ಗೋಡೆ ಕುಸಿಯದ ಹಾಗೆ ಸೊಂಟದ ತನಕ ಕೆಸರಿನಲ್ಲಿ ನಿಂತು ತೋಡಿದ್ದ. ಕೆಲಸ ಮುಗಿದ ಮೇಲೆ ಕೊಟ್ಟದ್ದು ಹೆಣದ ಮೇಲಿನ ಬಟ್ಟೆ. ಊಟ ಬೇಲಿಯ ಆಚೆ, ಎಲೆಯಲ್ಲಿ.

ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ಅಪ್ಪ ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಮತ್ತೆ ಏಳಲಿಲ್ಲ. ನಾನು ಹೋಗಿ ಮುಟ್ಟಿದಾಗ ಚೊಂಬಿನ ನೀರು ಹಾಗೇ ಇತ್ತು.

ಸತ್ತ ಸುದ್ದಿ ಮುನಿರಾಜನಿಗೆ ಬೈರಣ್ಣನೇ ಮುಟ್ಟಿಸಿದ. ಗೇಟು ತೆಗೆಸುತ್ತೇನೆ ಅಂದಿದ್ದನಲ್ಲ, ಆ ಮಾತಿನ ಮೇಲೆ. ಚಟ್ಟ ಕಟ್ಟಿದೆವು. ತಮಟೆ ಹೊಡೆಸಿದೆವು. ಗುಂಡಿ ತೋಡುವವನೇ ಸತ್ತಿದ್ದರಿಂದ ಗುಂಡಿಗೆ ಯಾರು ಅನ್ನುವ ಪ್ರಶ್ನೆ ಬಂತು. ನಾನು ಅಪ್ಪನ ಹಾರೆ ತೆಗೆದುಕೊಂಡೆ. ಹೆಂಗಸು ಸ್ಮಶಾನಕ್ಕೆ ಬರಬಾರದು ಅಂತ ಯಾರೋ ಅಂದರು. ತಿಂಗಳುಗಟ್ಟಲೆ ಅದೇ ಸ್ಮಶಾನದಲ್ಲಿ ಗುಂಡಿ ತೋಡುವಾಗ ನಾನು ಯಾರಾಗಿದ್ದೆ ಎಂದು ಕೇಳಿದೆ. ಹಾರೆ ಹೆಗಲಿಗಿಟ್ಟು ಮುಂದೆ ನಡೆದೆ.

ಗೇಟಿನ ಹತ್ತಿರ ಹೋದಾಗ ಬೀಗ ಹಾಕಿತ್ತು. ಮುನಿರಾಜ ಅಡ್ಡ ನಿಂತಿದ್ದ. ಮೊದಲು ನನ್ನ ತಮ್ಮನ ಕಡೆ ಕೈ ಚಾಚಿದ. ಚಲಪತಿ ನೀಲಿ ಅಂಗಿಯಲ್ಲಿ ಇರಲಿಲ್ಲ, ಬರೀ ಮೈಯಲ್ಲಿ ಒದ್ದೆ ಪಂಚೆ ಉಟ್ಟು ಮುಂದೆ ಬೆಂಕಿಯ ಮಡಕೆ ಹಿಡಿದಿದ್ದ. ಆದರೆ ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡೇ ಇದ್ದ.

"ಕೀ ಕೊಡೋ."

"ಅಣ್ಣಾ, ಅಪ್ಪ..."

"ಕೊಡೋ ಅಂದ್ರೆ. ಕೆಲ್ಸ ಬೇಕೋ ಬೇಡ್ವೋ?"

ಚಲಪತಿ ಕೊಟ್ಟುಬಿಟ್ಟ. ಅಪ್ಪನ ಹೆಣ ಹಿಂದೆ ಹೆಗಲುಗಳ ಮೇಲಿತ್ತು, ಇವನು ಕೀ ಬಿಚ್ಚಿ ಕೊಟ್ಟುಬಿಟ್ಟ. ಅವನ ಕೈ ಅವನ ಮಾತು ಕೇಳಲಿಲ್ಲ. ತಲತಲಾಂತರದಿಂದ ಕೊಟ್ಟು ಕೊಟ್ಟು ಅಭ್ಯಾಸವಾದ ಕೈ. ನನಗೆ ಅವನ ಮೇಲೆ ಹೇಸಿಗೆಯಾಯಿತು, ಅಯ್ಯೋ ಅನ್ನಿಸಿತು, ಎರಡೂ ಆಯಿತು.

"ನಾಳೆ ದೊಡ್ಡ ದೊಡ್ಡೋರು ಬರ್ತಾವ್ರೆ ಇಲ್ಗೆ," ಅಂದ ಮುನಿರಾಜ. "ಉದ್ಘಾಟನೆ. ಹೆಣ ಹೂತ ಹಸಿ ಮಣ್ಣು ಕಂಡ್ರೆ ನನ್ನ ಬಿಲ್ಲು ಹೋಗ್ತದೆ. ವ್ಯಾನ್ ಕಳಿಸ್ತೀನಿ, ಖರ್ಚೆಲ್ಲ ನಂದು. ಟೌನಲ್ಲಿ ಸುಡೋ ಜಾಗ ಐತೆ, ತಗೊಂಡೋಗಿ."

"ನಮ್ಮಲ್ಲಿ ಸುಡಲ್ಲಣ್ಣ," ಅಂದ ಬೈರಣ್ಣ.

"ಯಾವ ಕಾಲದಾಗಿದ್ದೀರ್ರೋ? ಸತ್ ಮೇಲೆ ಎಲ್ಲಾದ್ರೇನು?"

"ಎಲ್ಲಾದ್ರೇನು ಅನ್ನೋದಾದ್ರೆ ನಿಮ್ಮಮ್ಮನ್ನ ಯಾಕೆ ಹೊಲದಲ್ಲಿಟ್ಟು ಕಟ್ಟೆ ಕಟ್ಟಿಸಿದ್ರಿ?" ಅಂದೆ.

ಮುನಿರಾಜ ಒಂದು ಹೆಜ್ಜೆ ಮುಂದೆ ಬಂದ. "ಏಯ್, ನಮ್ಮಮ್ಮನ ಸುದ್ದಿ ಎತ್ತಿದ್ರೆ ಹಲ್ಲು ಉದುರಿಸ್ಬಿಡ್ತೀನಿ. ನಮ್ಮಮ್ಮನೂ ನಿಮ್ಮೋರೂ ಒಂದೇನಾ?" ಆಮೇಲೆ ಕೀ ಜೇಬಿಗೆ ಹಾಕಿಕೊಂಡು ಬೈಕು ಹತ್ತಿದ. "ಕಂಪನಿಯೋರ್ನ ಕರ್ಕೊಂಡು ಬರ್ತೀನಿ. ಬರೋ ಹೊತ್ತಿಗೆ ಇಲ್ಲಿ ಹೆಣ ಇರ್ಕೂಡ್ದು."

ಬಿಸಿಲು ನೆತ್ತಿಗೆ ಬಂದಿತ್ತು. ಚಟ್ಟವನ್ನು ಬೋರ್ಡಿನ ನೆರಳಿಗೆ ಇಳಿಸಿದೆವು. ನೆರಳು ಅಪ್ಪನ ಮುಖಕ್ಕೆ ಮಾತ್ರ ಸಾಕಾಯಿತು. ನೊಣ ಮುತ್ತಿದವು. ತಮಟೆಯವನು ಕೈ ನಿಲ್ಲಿಸಿದ. ಬೈರಣ್ಣ ಮೆಲ್ಲಗೆ ನನಗೆ ಹೇಳಿದ, "ಕವಿತಾ, ವ್ಯಾನು ಬಂದ್ರೆ ಹೋಗೋಣ ಕಣವ್ವ. ಊರೋರ್ನ ಎದುರಾಕ್ಕೊಂಡು ಎಲ್ಲಿ ಬದುಕೋದು?"

ನಾನು ಅಪ್ಪನ ಮುಖ ನೋಡಿದೆ. ಸತ್ತ ಮೇಲೂ ಆಗಲಿ ಬುದ್ಧಿ ಅನ್ನುವ ಮುಖವೇ ಇತ್ತು. ಬೇಲಿಯ ಹತ್ತಿರ ಹೋಗಿ ಒಂದು ಕಂಬದ ಬುಡಕ್ಕೆ ಹಾರೆ ಹಾಕಿದೆ.

ಕಾಂಕ್ರೀಟು ಇರಲಿಲ್ಲವಲ್ಲ. ಅದು ಗುಂಡಿ ತೋಡಿದ ನಮಗೆ ಗೊತ್ತಿತ್ತು. ನಾಲ್ಕು ಏಟಿಗೆ ಮಣ್ಣು ಸಡಿಲವಾಯಿತು. ಬೈರಣ್ಣನ ಸೊಸೆ ಬಂದು ಗುದ್ದಲಿ ಹಾಕಿದಳು. ಇನ್ನಿಬ್ಬರು ಹೆಂಗಸರು ಬಂದರು. ಕಂಬ ವಾಲಿತು. ಆಗ ಚಲಪತಿ ಬೆಂಕಿಯ ಮಡಕೆಯನ್ನು ನೆಲಕ್ಕಿಟ್ಟು ಓಡಿ ಬಂದು ಕಂಬವನ್ನು ತಬ್ಬಿಕೊಂಡ. ತಬ್ಬಿಕೊಂಡು ಗೊಳೋ ಎಂದು ಅತ್ತ. ಅಳುತ್ತಲೇ ಎಳೆದ. ಕಂಬ ತಂತಿ ಸಮೇತ ಬಿತ್ತು. ಪಕ್ಕದ್ದೂ ಬಿತ್ತು. ತಂತಿಯನ್ನು ತುಳಿದು ಹಿಡಿದುಕೊಂಡೆವು. ಅಪ್ಪ ಅದರ ಮೇಲೆ ಹಾದು ಒಳಗೆ ಬಂದ.

ಅವ್ವನ ಪಕ್ಕದಲ್ಲಿ ಅಪ್ಪ ತೋಡಿದ ಗುಂಡಿ ಹಾಗೇ ಇತ್ತು, ನಾಳೆ ದೊಡ್ಡವರ ಕೈಯಿಂದ ಗಿಡ ನೆಡಿಸಲು ಬಿಟ್ಟಿದ್ದು. ನಾನು ಅದನ್ನೇ ಆಳುದ್ದ ಮಾಡಿದೆ. ಯಾರಿಗೂ ಹಾರೆ ಕೊಡಲಿಲ್ಲ. ಮಣ್ಣು ಕಣ್ಣಿಗೆ ಬಿತ್ತು, ಅಂಗೈಯ ಬೊಬ್ಬೆ ಒಡೆದು ಹಾರೆ ಜಾರಿತು, ಸೀರೆಗೆ ಒರೆಸಿಕೊಂಡು ಮತ್ತೆ ಹಿಡಿದೆ. ಅಪ್ಪನನ್ನು ಇಳಿಸಿದೆವು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ನಾಯಿ ನರಿ ಮುಟ್ಟದ ಹಾಗೆ ಮೇಲೆ ಕಾರೆಮುಳ್ಳು ಹಾಸಿದೆವು.

ಬೈರಣ್ಣ, "ಮೂರ್ನೇ ದಿನ ಬಿಡ್ತಾರೋ ಇಲ್ವೋ, ಇವತ್ತೇ ಗಿಡ ಇಟ್ಬಿಡೋಣ" ಅಂತ ಒಂದು ತಂಗಡಿ ಸಸಿ ತಂದ.

"ಗಿಡ ಬೇಡ ಮಾವ," ಅಂದೆ. "ಕಲ್ಲು ನೆಡೋಣ."

"ಕಲ್ಲು ಎಲ್ಲೈತವ್ವ?"

ನಾನು ಬಿದ್ದ ಕಂಬ ತೋರಿಸಿದೆ. ಯಾರೂ ಬೇಗ ಕದಲಲಿಲ್ಲ. ಚಲಪತಿ ಮೊದಲು ಹೋದ. ನಾಲ್ಕು ಜನ ಹೊತ್ತು ತಂದು ಅಪ್ಪನ ತಲೆಯ ದಿಕ್ಕಿಗೆ ನಿಲ್ಲಿಸಿದರು. ಅಲ್ಲಾಡದ ಹಾಗೆ ಬುಡಕ್ಕೆ ಕಲ್ಲು ಗಿಡಿದು ತುಳಿದೆವು. ಊರಿನ ರಸ್ತೆಗೆ ಕಾಣುವಷ್ಟು ಎತ್ತರವಾಗಿ ನಿಂತಿತು. ಚಲಪತಿ ಯಾರಿಗೂ ಹೇಳದೆ ಕೇರಿಗೆ ಇಳಿದು ಹೋದ. ಬರುವಾಗ ಅವನ ತಲೆಯ ಮೇಲೆ ನಮ್ಮ ಬಟ್ಟೆ ಒಗೆಯುವ ಕಲ್ಲಿತ್ತು. ಅವ್ವನ ಗಿಡದ ಬುಡದಲ್ಲಿ ಅದನ್ನು ನೆಟ್ಟು, ಕೊಂಬೆಗೆ ಕಟ್ಟಿದ್ದ ಬಿಲ್ಲೆಯನ್ನು ಕಿತ್ತು ಎಸೆದ. ಅಷ್ಟರಲ್ಲಿ ಬೈರಣ್ಣನ ಸೊಸೆ ಎರಡನೆಯ ಕಂಬವನ್ನು ಒಬ್ಬಳೇ ಎಳೆಯುತ್ತಿದ್ದಳು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಕೈ ಹಾಕಿದರು. ಕೂಸಿನ ಜಾಗದಲ್ಲಿ ನೆಟ್ಟೆವು. ಆಮೇಲೆ ಬೇಲಿಯ ಉದ್ದಕ್ಕೂ ಹಾರೆಯ ಸದ್ದು ಶುರುವಾಯಿತು. ಒಬ್ಬೊಬ್ಬರು ತಮ್ಮವರ ಗಿಡದ ಹತ್ತಿರ ಒಂದೊಂದು ಕಂಬ ತಂದು ನಿಲ್ಲಿಸಿದರು. ಗಿಡ ಒಂದನ್ನೂ ಮುರಿಯಲಿಲ್ಲ.

ಮುನಿರಾಜ ಕೀರ್ತನಳನ್ನು ಕಂಪನಿಯ ಕಾರಿನಲ್ಲಿ ಕರೆದುಕೊಂಡು ಬರುವ ಹೊತ್ತಿಗೆ ಗೇಟು ಇತ್ತು, ಗೇಟಿನ ಬೀಗ ಇತ್ತು, ಅತ್ತಿತ್ತ ಬೇಲಿ ಇರಲಿಲ್ಲ.

"ಯಾವಳೇ ಕಂಬ ಕಿತ್ತಿದ್ದು?"

"ನಾನೇ."

ಅವನು ಕಲ್ಲುಗಳನ್ನು ನೋಡಿದ. "ಕತ್ಲಾಗೋದ್ರೊಳ್ಗೆ ಎಲ್ಲಾ ಕಂಬ ಇದ್ದಿದ್ ಜಾಗಕ್ಕೆ ಬರ್ಬೇಕು. ಗುಂಡಿ ತೆಗ್ದು ವಾಪಸ್ ನೆಡ್ರಿ. ಇಲ್ಲಾಂದ್ರೆ ಒಬ್ಬೊಬ್ರ ಮೇಲೂ ಕೇಸು ಹಾಕಿ ಒಳಗೆ ಕೂರಿಸ್ತೀನಿ."

"ಕೂರ್ಸು," ಅಂದೆ. ಅವನನ್ನು ನೀನು ಅಂತ ಮಾತಾಡಿಸಿದ್ದು ಅದೇ ಮೊದಲು.

ಕೀರ್ತನ ಕಾರಿನ ಪಕ್ಕದಲ್ಲೇ ನಿಂತಿದ್ದಳು. ನಾನು ಅವಳನ್ನು ಕರೆದೆ. "ಮೇಡಂ, ಗುರುತು ಕೇಳಿದ್ರಲ್ಲ. ಕಲ್ಲಿದ್ರೆ ಮೇಲಿನೋರಿಗೆ ಹೇಳ್ತೀನಿ ಅಂದ್ರಿ. ಬನ್ನಿ, ಫೋಟೊ ತಗೊಳ್ಳಿ." ಅವಳು ಫೋನು ಹೊರಗೆ ತೆಗೆದಳು. ಮುನಿರಾಜನ ಮುಖ ನೋಡಿದಳು. ಮತ್ತೆ ಚೀಲದಲ್ಲಿ ಇಟ್ಟುಕೊಂಡಳು. ನನಗೆ ಅವಳಿಂದ ಏನೂ ಬೇಕಿರಲಿಲ್ಲ.

"ಪೊಲೀಸ್ರಿಗೆ ಫೋನ್ ಮಾಡಿದ್ದೀನಿ," ಅಂದ ಮುನಿರಾಜ. "ಬರೋದ್ರೊಳ್ಗೆ ಗುಂಡಿ ತೋಡ್ರಿ ಅಂದೆ ನಾನು! ಕೇಳಿಸ್ತೋ ಇಲ್ವೋ?"

ಕೇರಿಯವರು ಯಾರೂ ಅಲ್ಲಾಡಲಿಲ್ಲ. ಬೈರಣ್ಣನೂ ಕೈ ಮುಗಿಯಲಿಲ್ಲ. ನಾನು ಮುನಿರಾಜನ ಹತ್ತಿರ ಹೋದೆ. ನನ್ನ ಮೈಯೆಲ್ಲ ಅಪ್ಪನ ಗುಂಡಿಯ ಮಣ್ಣಿತ್ತು. ಅವನು ಮುಟ್ಟಿಸಿಕೊಳ್ಳಬಾರದೆಂದು ಒಂದು ಹೆಜ್ಜೆ ಹಿಂದೆ ಸರಿದ. ಅಪ್ಪನ ಹಾರೆಯನ್ನು ಅವನ ಬೂಟಿನ ಮುಂದೆ ಎಸೆದೆ.

"ನಮ್ಮ ಕೇರೀಲಿ ಇನ್ಮೇಲೆ ಗುಂಡಿ ತೋಡೋರಿಲ್ಲ. ಇದ್ದೋನು ಇಲ್ಲಿ ಮಲಗವ್ನೆ. ನಿಮ್ಮಪ್ಪ ಹಾಸಿಗೆ ಹಿಡ್ದವ್ನೆ, ಇವತ್ತೋ ನಾಳೆನೋ ನಿಂಗೇ ಬೇಕಾಗ್ತದೆ. ತಗೋ, ಈಗ್ಲೇ ಕಲ್ತ್ಕೋ."